ಎಡಮುರಿ ದಾಸವಾಳದ ನೆಂಟನಾ? ಅದರ ತವರು ಯಾವುದು?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಹಳ್ಳಿ. ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಎಡಮುರಿ ಗಿಡ ಬಹಳ ಇದೆ. ಕೆಂಪು ಹೂ, ಸುರುಳಿ ಸುತ್ತಿದ ಕಾಯಿ. ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಅವಳ ಕಾಲೇಜಿನ ಹಳೆ ಪುಸ್ತಕದಲ್ಲಿ ಇದರ ಕುಟುಂಬ ಸ್ಟರ್ಕ್ಯುಲಿಯೇಸಿ ಎಂದಿದೆ. ಮೊಬೈಲ್ ಆ್ಯಪ್ ಮಾಲ್ವೇಸಿ ಅನ್ನುತ್ತದೆ, ಅಂದರೆ ದಾಸವಾಳದ ಕುಟುಂಬ. ಯಾವುದು ಸರಿ? ನೋಡೋಕೆ ದಾಸವಾಳದ ಹಾಗೆ ಏನೂ ಇಲ್ವಲ್ಲ? ಅದೇ ಆ್ಯಪ್ ಈ ಗಿಡ ಆಸ್ಟ್ರೇಲಿಯಾದಲ್ಲೂ ಇದೆ ಎಂದು ತೋರಿಸುತ್ತದೆ. ಹಾಗಾದರೆ ಲಂಟಾನದ ಹಾಗೆ ಹೊರಗಿನಿಂದ ಬಂದದ್ದಾ? ಬೆಟ್ಟದಲ್ಲಿ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿದೆ. ಕಿತ್ತು ಹಾಕಬೇಕಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಈಗಿನ ಲೆಕ್ಕದಲ್ಲಿ ಆ್ಯಪ್ ಹೇಳಿದ್ದೇ ಸರಿ, ಎಡಮುರಿ ಮಾಲ್ವೇಸಿ ಕುಟುಂಬದ್ದು. ಪುಸ್ತಕ ತಪ್ಪು ಹೇಳಿಲ್ಲ, ಅದು ಅಚ್ಚಾದ ಮೇಲೆ ಕುಟುಂಬಗಳ ಗಡಿಯೇ ಬದಲಾಯಿತು. ಗಿಡ ಪಕ್ಕಾ ನಮ್ಮದೇ, ಹೊರಗಿನಿಂದ ಬಂದದ್ದಲ್ಲ. ಕೀಳುವ ಗೋಜಿಗೆ ಹೋಗಬೇಡಿ. ಇನ್ನು ವಿವರಕ್ಕೆ ಬರೋಣ. ನೀವು ಕೇಳಿದ ನಾಲ್ಕೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಎಡಮುರಿಯ ವೈಜ್ಞಾನಿಕ ಹೆಸರು ಹೆಲಿಕ್ಟೆರಿಸ್ ಐಸೋರಾ. ಕನ್ನಡದಲ್ಲಿ ಯಡಮುರಿ ಎಂದೂ ಬಲಮುರಿ ಎಂದೂ ಕರೆಯುತ್ತಾರೆ. ಎಡ ಬೇರೆ, ಬಲ ಬೇರೆ ಎಂದು ಎರಡು ಗಿಡ ಇಲ್ಲ. ಎಲ್ಲವೂ ಒಂದೇ ಪ್ರಭೇದ. ಇಂಟರ್ನೆಟ್ಟಿನಲ್ಲಿ ಈ ಹೆಸರು ಹಾಕಿ ಹುಡುಕಿದರೆ ಮೊದಲು ಬರುವುದು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದಲ್ಲಿರುವ ಇದೇ ಹೆಸರಿನ ಪಿಕ್‌ನಿಕ್ ಜಾಗಗಳ ಫೋಟೋ. ಮಗಳಿಗೆ ವೈಜ್ಞಾನಿಕ ಹೆಸರು ಹಾಕಿಯೇ ಹುಡುಕಲು ಹೇಳಿ.

ಈ ಹೆಸರಿನ ಎರಡನೇ ಭಾಗ ನಮ್ಮ ಪಕ್ಕದ ಮಲಬಾರಿನದು. ಕೊಚ್ಚಿಯಲ್ಲಿ ಡಚ್ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ ‘ಹಾರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಗ್ರಂಥ ಮಾಡಿಸಿದ. ಅದು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಗಿಡಗಳ ಮಾಹಿತಿ ಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರಿದ್ದರು. ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ಬ್ರಾಹ್ಮಣರೂ ಇದ್ದರು. 1686ರಲ್ಲಿ ಬಂದ ಅದರ ಆರನೇ ಸಂಪುಟದಲ್ಲಿ ನಮ್ಮ ಎಡಮುರಿಯ ಚಿತ್ರ ಇದೆ, ಹೆಸರು ‘ಐಸೋರಾ ಮುರ್ರಿ’. ಮಲಬಾರಿನ ಜನ ಹೇಳಿದ್ದನ್ನು ಡಚ್ಚರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಗಿಡಗಳಿಗೆಲ್ಲ ಎರಡು ಪದದ ಹೆಸರು ಕೊಡುವಾಗ ಅದನ್ನೇ ಉಳಿಸಿಕೊಂಡ. ಭಾರತಕ್ಕೆ ಅವನು ಕಾಲಿಟ್ಟವನೇ ಅಲ್ಲ.

ಈ ಗಿಡವನ್ನು ಅವನು ಎಲ್ಲಿಟ್ಟ ಎನ್ನುವುದು ಸ್ವಾರಸ್ಯ. ಲಿನೇಯಸ್ ಹೂವಿನ ಕೇಸರಗಳನ್ನು ಎಣಿಸಿ, ಅವು ಎಲ್ಲಿ ಕೂತಿವೆ ಎಂದು ನೋಡಿ ಗುಂಪು ಮಾಡುತ್ತಿದ್ದ. ದಾಸವಾಳದ ಕೇಸರಗಳು ಒಂದೇ ಕೊಳವೆಯಾಗಿ ಕೂಡಿಕೊಂಡಿರುತ್ತವೆ. ಅದಕ್ಕೊಂದು ಗುಂಪು. ಎಡಮುರಿಯಲ್ಲಿ ಕೇಸರಗಳು ಅಂಡಾಶಯ ಹೊತ್ತ ಕಂಬದ ಮೇಲೇ ಕೂತಿರುತ್ತವೆ. ಅದಕ್ಕೆ ಬೇರೆ ಗುಂಪು. ಆ ಗುಂಪಿನಲ್ಲಿ ಯಾರೆಲ್ಲ ಇದ್ದರು ಗೊತ್ತಾ? ಸೀತಾಳೆ ಹೂವಿನಂಥ ಆರ್ಕಿಡ್‌ಗಳು, ಪ್ಯಾಶನ್ ಫ್ರೂಟ್ ಬಳ್ಳಿಗಳು! ಸಂಬಂಧಕ್ಕೂ ಈ ಲೆಕ್ಕಕ್ಕೂ ಏನೇನೂ ತಾಳೆ ಇರಲಿಲ್ಲ. ಅವನ ಪುಸ್ತಕದಲ್ಲಿ ಎಡಮುರಿ 963ನೇ ಪುಟದಲ್ಲಿದೆ. ಮುಂದಿನ 964ನೇ ಪುಟದಲ್ಲಿ ಗ್ರೂಯಿಯಾ ಕುಲ, ಅಂದರೆ ನಿಮ್ಮ ಬೆಟ್ಟದ ದಡಸಲು ಮರ ಇವತ್ತು ಸೇರಿರುವ ಕುಲ. ಲೆಕ್ಕ ತಪ್ಪಾದರೂ ಅಕ್ಕಪಕ್ಕ ಕೂರಿಸಿದ ಇವೆರಡು ಮಾತ್ರ ನಿಜಕ್ಕೂ ನೆಂಟರೇ.

ಮುಂದಿನ ಶತಮಾನದಲ್ಲಿ ಗಿಡದ ಎಲ್ಲಾ ಲಕ್ಷಣ ಸೇರಿಸಿ ಕುಟುಂಬ ಮಾಡುವ ಪದ್ಧತಿ ಬಲವಾಯಿತು. ಆಗ ಈ ಬಳಗ ನಾಲ್ಕು ಕುಟುಂಬಗಳಾಗಿ ನಿಂತಿತು. ಕೇಸರಗಳು ಕೂಡಿಕೊಂಡು, ಪರಾಗಕೋಶಕ್ಕೆ (ಕೇಸರದ ತುದಿಯ ಪರಾಗದ ಚೀಲಕ್ಕೆ) ಒಂದೇ ಕೋಣೆ ಇದ್ದರೆ ಮಾಲ್ವೇಸಿ. ಕೂಡಿಕೊಂಡಿದ್ದು ಎರಡು ಕೋಣೆ ಇದ್ದರೆ ಸ್ಟರ್ಕ್ಯುಲಿಯೇಸಿ. ಕೇಸರಗಳು ಬಿಡಿಬಿಡಿಯಾಗಿದ್ದರೆ ದಡಸಲಿನ ಟಿಲಿಯೇಸಿ. ಬೂರುಗದಂಥ ದೊಡ್ಡ ಮರಗಳಿಗೆ ಬೊಂಬಕೇಸಿ. ಎಡಮುರಿ ಸ್ಟರ್ಕ್ಯುಲಿಯೇಸಿಗೆ ಹೋಯಿತು. ಬ್ರಿಟಿಷ್ ಇಂಡಿಯಾದ ಫ್ಲೋರಾ (ಫ್ಲೋರಾ ಅಂದರೆ ಒಂದು ಪ್ರದೇಶದ ಗಿಡಗಳನ್ನೆಲ್ಲ ವಿವರಿಸುವ ಪುಸ್ತಕ), ಕುಕ್ ಬರೆದ ಮುಂಬೈ ಪ್ರಾಂತ್ಯದ ಫ್ಲೋರಾ, ಗ್ಯಾಂಬಲ್ ಬರೆದ ಮದರಾಸು ಪ್ರಾಂತ್ಯದ ಫ್ಲೋರಾ, ಎಲ್ಲದರಲ್ಲೂ ಹೀಗೇ ಇದೆ. 1984ರಲ್ಲಿ ಸೆಸಿಲ್ ಸಲ್ಡಾನಾ ಅವರ ‘ಫ್ಲೋರಾ ಆಫ್ ಕರ್ನಾಟಕ’ದ ಮೊದಲ ಸಂಪುಟ ಬಂದಾಗಲೂ ಇದೇ ಪದ್ಧತಿ. ಮಗಳ ಕಾಲೇಜಿನ ಪುಸ್ತಕ ಈ ಸಾಲಿನದು. ಗುರುತು ಹಿಡಿಯುವ ಕೆಲಸಕ್ಕೆ ಆ ಪುಸ್ತಕಗಳು ಇಂದಿಗೂ ಚೆನ್ನಾಗಿವೆ, ಎಸೆಯಬೇಡಿ.

ಗಡಿ ಬದಲಾದದ್ದು 1990ರ ದಶಕದಲ್ಲಿ. ಹೂವು, ಕಾಯಿ ನೋಡುವುದರ ಜೊತೆಗೆ ಎಲೆಯ ಹಸಿರು ಕಣಗಳಲ್ಲಿರುವ ಡಿಎನ್‌ಎಯನ್ನೂ ಹೋಲಿಸಿ ನೋಡಲು ಶುರು ಮಾಡಿದರು. 1998ರಲ್ಲಿ ಎಪಿಜಿ ಎಂಬ ಹೆಸರಿನಲ್ಲಿ ಹಲವು ದೇಶಗಳ ಸಸ್ಯಶಾಸ್ತ್ರಜ್ಞರು ಸೇರಿ ಹೊಸ ವರ್ಗೀಕರಣ ಪ್ರಕಟಿಸಿದರು. ನಾಲ್ಕೂ ಕುಟುಂಬಗಳನ್ನು ಒಂದೇ ಮಾಲ್ವೇಸಿಯೊಳಗೆ ಸೇರಿಸಿದರು. ಮರುವರ್ಷ ಇದೇ ಬಳಗದ ಮೇಲೆ ಬಂದ ವಿವರವಾದ ಪ್ರಬಂಧಗಳು ಅದನ್ನು ಗಟ್ಟಿ ಮಾಡಿದವು.

ಸುಮ್ನೆ ಹೆಸರು ಬದಲಿಸುವ ಚಟಕ್ಕೆ ಮಾಡಿದ್ದಲ್ಲ ಇದು. ಸ್ಟರ್ಕ್ಯುಲಿಯೇಸಿ ಎಂಬ ಒಂದು ಬಳಗವೇ ಇಲ್ಲ ಎಂದು ಡಿಎನ್‌ಎ ತೋರಿಸಿತು. ನಿಮ್ಮ ಶಿರಸಿಯಲ್ಲಿ ಹೆಗಡೆ ಎಂದು ಹೆಸರಿರುವವರೆಲ್ಲ ಒಂದೇ ಮನೆಯವರಲ್ಲ, ಅಲ್ವಾ? ಸ್ಟರ್ಕ್ಯುಲಿಯೇಸಿಯದೂ ಅದೇ ಕತೆ. ಅಡ್ಡಹೆಸರು ಒಂದೇ, ಮನೆತನ ಬೇರೆ ಬೇರೆ. ಆ ಹೆಸರಿನಡಿ ಕೋಕೋ ಇತ್ತು, ಅದರ ಹತ್ತಿರದ ಸಂಬಂಧ ದಡಸಲಿನ ಜೊತೆ. ಸ್ಟರ್ಕ್ಯುಲಿಯಾ ಮರಗಳು ಇದ್ದವು, ಅವುಗಳದೇ ಪ್ರತ್ಯೇಕ ಕವಲು. ಎಡಮುರಿ ಇತ್ತು, ಅದರ ಹತ್ತಿರದವರು ಹಳೆ ಪುಸ್ತಕದಲ್ಲಿ ಬೊಂಬಕೇಸಿಯಲ್ಲಿ ಕೂತಿದ್ದರು. ಪರಾಗಕೋಶದ ಕೋಣೆ ಎಣಿಸಿದ ಲೆಕ್ಕ ಇವರನ್ನೆಲ್ಲ ಒಂದೇ ಮನೆಗೆ ತಂದು ಹಾಕಿತ್ತು.

ಹಾಗಾದರೆ ಎಡಮುರಿಯ ಹತ್ತಿರದವರು ಯಾರು? ಇಲ್ಲಿ ನೀವು ಸ್ವಲ್ಪ ಬೆರಗಾಗುತ್ತೀರಿ. ಡೂರಿಯನ್. ಹೌದು, ಮಲೇಷ್ಯಾ, ಥಾಯ್ಲೆಂಡ್ ಕಡೆಯ ಆ ಮುಳ್ಳು ಮುಳ್ಳಿನ, ಘಾಟು ವಾಸನೆಯ ಹಣ್ಣು. ಹೊಸ ಮಾಲ್ವೇಸಿಯನ್ನು ಒಂಬತ್ತು ಉಪಕುಟುಂಬಗಳಾಗಿ ಮಾಡಿದರು. ಅದರಲ್ಲಿ ಒಂದು ಹೆಲಿಕ್ಟೆರಾಯ್ಡಿ, ಎಡಮುರಿಯ ಹೆಸರಿನಲ್ಲೇ ಇದೆ. ಅದರೊಳಗೆ ಎಡಮುರಿಯ ಕುಲವೂ ಇದೆ, ಡೂರಿಯನ್ ಮತ್ತು ಅದರ ದಾಯಾದಿಗಳೂ ಇವೆ. ಆ ದಾಯಾದಿಗಳಲ್ಲಿ ಒಂದು ನಮ್ಮ ಪಶ್ಚಿಮ ಘಟ್ಟದ್ದು. ಕೇರಳ, ತಮಿಳುನಾಡಿನ ದಟ್ಟ ಕಾಡಿನಲ್ಲಿ ಬೆಳೆಯುವ ಕುಲ್ಲೇನಿಯಾ ಎಕ್ಸಾರಿಲೇಟಾ ಎಂಬ ದೊಡ್ಡ ಮರ. ಅದರ ಕಾಯಿಗೂ ಮೈತುಂಬ ಮುಳ್ಳು. ಆನೆಮಲೆಯ ಸಿಂಗಳೀಕಗಳಿಗೆ ಅದು ಮುಖ್ಯ ಆಹಾರ. ನಿಮ್ಮ ಅಘನಾಶಿನಿ ಕಣಿವೆಯಲ್ಲೂ ಸಿಂಗಳೀಕ ಇದೆಯಲ್ಲ, ಅವಕ್ಕೆ ಈ ಮರ ಸಿಗುವುದಿಲ್ಲ. ಬೇರೆ ಹಣ್ಣುಗಳಲ್ಲಿ ಬದುಕುತ್ತವೆ.

ಹಾಗಾಗಿ ‘ದಾಸವಾಳದ ಹಾಗೆ ಏನೂ ಇಲ್ವಲ್ಲ’ ಎಂಬ ನಿಮ್ಮ ಅನುಮಾನ ಪೂರ್ತಿ ನ್ಯಾಯವಾದದ್ದೇ. ದಾಸವಾಳ, ಬೆಂಡೆ, ಹತ್ತಿ, ಪುಂಡಿ, ಹೂವರಸಿ ಇವೆಲ್ಲ ಒಂದು ಉಪಕುಟುಂಬ. ಅವುಗಳಿಗೆ ತೀರಾ ಹತ್ತಿರ ಇರುವುದು ಬೂರುಗದ ಬಳಗ. ಎಡಮುರಿ ಅದೇ ಕುಟುಂಬದ ಮತ್ತೊಂದು ಕವಲಿನದು. ನೆಂಟಸ್ತಿಕೆ ಇದೆ, ಆದರೆ ದೂರದ್ದು. ಒಂದು ಕುಟುಂಬ ಎಂದ ಕೂಡಲೇ ಹೂವು ಒಂದೇ ಥರ ಇರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಸುಮಾರು 240 ಕುಲ, 4,200ಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದಲ್ಲಿ ಅದು ಆಗದ ಮಾತು.

ಇಷ್ಟು ದೊಡ್ಡ ಕುಟುಂಬ ಬೇಡ, ಒಂದೊಂದು ಕವಲನ್ನೂ ಬೇರೆ ಕುಟುಂಬ ಮಾಡೋಣ ಎನ್ನುವ ತಜ್ಞರೂ ಇದ್ದಾರೆ. ಅವರ ಪುಸ್ತಕದಲ್ಲಿ ಎಡಮುರಿಯ ಕುಟುಂಬ ಹೆಲಿಕ್ಟೆರೇಸಿ ಎಂದು ಕಾಣುತ್ತದೆ. ಇದು ಜಗಳವೇ ಅಲ್ಲ. ಯಾರು ಯಾರಿಗೆ ಹತ್ತಿರ ಎನ್ನುವುದರಲ್ಲಿ ಎರಡೂ ಕಡೆಯವರಿಗೆ ಹೆಚ್ಚುಕಮ್ಮಿ ಒಪ್ಪಿಗೆ ಇದೆ. ಬೇಲಿ ಎಲ್ಲಿ ಹಾಕಬೇಕು ಎನ್ನುವುದಷ್ಟೇ ಚರ್ಚೆ. ನನಗೆ ದೊಡ್ಡ ಮಾಲ್ವೇಸಿಯೇ ಅನುಕೂಲ. ಕಾಡಿನಲ್ಲಿ ನಿಂತು ಬರಿಗಣ್ಣಿನಿಂದ ಗುರುತಿಸಲು ಬರುವುದು ಆ ದೊಡ್ಡ ಬಳಗವೇ, ಒಳಗಿನ ಕವಲುಗಳಲ್ಲ.

ಗುರುತಿಸುವುದು ಹೇಗೆ? ನಿಮ್ಮ ಬೆಟ್ಟದಲ್ಲೇ ಮಾಡಿ ನೋಡಬಹುದು. ಎಡಮುರಿಯ ಒಂದು ಎಳೆ ಕೊಂಬೆ ಮುರಿಯಿರಿ. ಪಟಕ್ಕನೆ ತುಂಡಾಗುವುದಿಲ್ಲ. ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ಬರುತ್ತದೆ. ಆ ನಾರು ಎಷ್ಟು ಗಟ್ಟಿ ಅಂದರೆ ಕಾಡಿನ ಅಂಚಿನ ಜನ ಅದರಲ್ಲೇ ಹಗ್ಗ ಮಾಡುತ್ತಿದ್ದರು, ಸೌದೆ ಹೊರೆ ಕಟ್ಟುತ್ತಿದ್ದರು. ಈಗ ದಡಸಲಿನ ಕೊಂಬೆ ಮುರಿಯಿರಿ, ಮನೆಯಂಗಳದ ದಾಸವಾಳದ ಕೊಂಬೆ ಮುರಿಯಿರಿ. ಅದೇ ಪಟ್ಟಿ, ಅದೇ ನಾರು. ಸೆಣಬು ಬರುವುದೂ ಈ ಕುಟುಂಬದಿಂದಲೇ, ಪುಂಡಿ ನಾರು ಬರುವುದೂ ಇಲ್ಲಿಂದಲೇ.

ಆಮೇಲೆ ಎಲೆ. ಎಡಮುರಿ ಎಲೆ ಅಗಲ, ಬುಡ ಹೃದಯದ ಆಕಾರ, ಒಂದು ಕಡೆ ಸ್ವಲ್ಪ ಓರೆ, ಅಂಚಿಗೆ ಗರಗಸದ ಹಲ್ಲು. ಮೇಲ್ಭಾಗ ಕೈಗೆ ಒರಟು. ತಳದಿಂದ ಮೂರೋ ಐದೋ ನರ ಒಟ್ಟಿಗೆ ಹೊರಡುತ್ತವೆ. ಎಲೆಯ ಕೆಳಭಾಗವನ್ನು ಮಗಳ ಹತ್ತಿರ ಇರುವ ಕೈಮಸೂರದಲ್ಲಿ ನೋಡಿ. ರೋಮಗಳು ಒಂಟಿಯಾಗಿ ಇರುವುದಿಲ್ಲ. ಒಂದೇ ಬುಡದಿಂದ ನಾಲ್ಕಾರು ರೋಮ ಎಲ್ಲ ದಿಕ್ಕಿಗೂ ಹರಡಿ ಪುಟ್ಟ ನಕ್ಷತ್ರ ಆಗಿರುತ್ತದೆ. ಈ ನಕ್ಷತ್ರರೋಮ ಮಾಲ್ವೇಸಿಯ ದೊಡ್ಡ ಗುರುತು. ಮೂರನೆಯದು ಲೋಳೆ. ಬೆಂಡೆಕಾಯಿ ಹೆಚ್ಚಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ದಾಸವಾಳದ ಸೊಪ್ಪು ಅರೆದರೂ ಅದೇ ಲೋಳೆ. ದಡಸಲು, ಎಡಮುರಿಯ ತೊಗಟೆಯಲ್ಲೂ ಅದು ಇದೆ.

ಹೂವನ್ನು ಮಾತ್ರ ಹುಷಾರಾಗಿ ನೋಡಬೇಕು. ಮಳೆ ಹಿಡಿದ ಮೇಲೆ ಹೂ ಶುರುವಾಗುತ್ತದೆ, ದೀಪಾವಳಿ ದಾಟಿಯೂ ಅಲ್ಲಲ್ಲಿ ಇರುತ್ತದೆ. ಅರಳಿದಾಗ ಇಟ್ಟಿಗೆ ಕೆಂಪು. ಹಳತಾದಂತೆ ಕೆಂಪು ಇಳಿದು ಸೀಸದ ಥರದ ಮಾಸಲು ನೀಲಿ ಬರುತ್ತದೆ. ಒಂದೇ ಕೊಂಬೆಯಲ್ಲಿ ಎರಡೂ ಬಣ್ಣ ಕಾಣುವುದರಿಂದ ‘ಇಲ್ಲಿ ಎರಡು ಜಾತಿ ಇದೆ’ ಎಂದು ನನಗೆ ಫೋಟೋ ಕಳಿಸಿದವರೂ ಇದ್ದಾರೆ. ಎಸಳುಗಳು ಐದು, ಆದರೆ ಸಮ ಇಲ್ಲ. ಕೆಳಗಿನ ಎರಡು ಗಿಡ್ಡ, ಅಗಲ. ಎಲ್ಲವೂ ಹಿಂದಕ್ಕೆ ಮಡಚಿಕೊಂಡಿರುತ್ತವೆ. ನಡುವಿನಿಂದ ಉದ್ದನೆಯ ಕಂಬವೊಂದು ಬಾಗಿ ಹೊರಗೆ ಚಾಚಿರುತ್ತದೆ.

ಆ ಕಂಬ ಕಂಡ ಕೂಡಲೇ ‘ಓ, ದಾಸವಾಳದ ಹಾಗೇ ಇದೆ’ ಅನ್ನಿಸುತ್ತದೆ. ಎಷ್ಟೋ ಕಡೆ ಇದನ್ನೇ ನೆಂಟಸ್ತಿಕೆಗೆ ಸಾಕ್ಷಿ ಎಂದು ಬರೆದಿದ್ದಾರೆ. ಅದು ಸರಿಯಲ್ಲ. ಬ್ಲೇಡಿನಲ್ಲಿ ಎರಡನ್ನೂ ಉದ್ದಕ್ಕೆ ಸೀಳಿ ನೋಡಿ. ದಾಸವಾಳದಲ್ಲಿ ಅಂಡಾಶಯ ಹೂವಿನ ತಳದಲ್ಲಿರುತ್ತದೆ. ನಮಗೆ ಕಾಣುವ ಕಂಬ ಕೇಸರಗಳು ಕೂಡಿಯಾದ ಕೊಳವೆ, ಅದರ ಒಳಗಿಂದ ಅಂಡಾಶಯದ ದಂಟು, ಅಂದರೆ ಶಲಾಕೆ, ತೂರಿ ಮೇಲೆ ಬರುತ್ತದೆ. ಎಡಮುರಿಯಲ್ಲಿ ಕಂಬದ ತುದಿಯಲ್ಲೇ ಅಂಡಾಶಯ ಕೂತಿದೆ, ಸುತ್ತ ಹತ್ತು ಕೇಸರ. ತಳದಲ್ಲಿ ಏನೂ ಇಲ್ಲ, ಬರೀ ಮಕರಂದ. ಸೂರಕ್ಕಿ ಆ ಮಕರಂದಕ್ಕೆ ಕೊಕ್ಕು ಹಾಕಿದಾಗ ಕಂಬದ ತುದಿ ಅದರ ತಲೆಗೋ ಮೈಗೋ ತಾಗುತ್ತದೆ, ಪರಾಗ ಅಂಟುತ್ತದೆ. ಕಾಯಿಯಾದಾಗ ಕಂಬ ಹಾಗೇ ತೊಟ್ಟಾಗಿ ಉಳಿಯುತ್ತದೆ. ತುದಿಯ ಐದು ಭಾಗಗಳು ಒಂದರ ಸುತ್ತ ಒಂದು ಸುತ್ತಿಕೊಂಡು ನಾಲ್ಕೈದು ಸೆಂಟಿಮೀಟರಿನ ಸುರುಳಿ ಆಗುತ್ತವೆ.

ವರ್ಗೀಕರಣದ ಮಾತು ಮುಗಿಸುವ ಮೊದಲು ಆನೆಗಳ ವಿಷಯ ಹೇಳಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದಲ್ಲಿ ಚಾಮರಾಜನಗರ, ಸತ್ಯಮಂಗಲ ಕಡೆಯ ಕಾಡಿನಲ್ಲಿ ಆನೆಗಳು ಏನೇನು ತಿನ್ನುತ್ತವೆ ಎಂದು ಪಟ್ಟಿ ಮಾಡಿದರು. 112 ಥರದ ಗಿಡ ಸಿಕ್ಕವು. ಆದರೆ ಮೇವಿನ ಸುಮಾರು ಶೇ 85 ಭಾಗ ಬಂದದ್ದು 25 ಗಿಡಗಳಿಂದ. ಅವು ಸೇರಿದ್ದು ಹುಲ್ಲು, ಜೇಕು, ತಾಳೆ, ದ್ವಿದಳಗಳ ಬಳಗಕ್ಕೆ, ಜೊತೆಗೆ ಮಾಲ್ವೇಲ್ಸ್ ಗಣಕ್ಕೆ. ಮಾಲ್ವೇಲ್ಸ್ ಅಂದರೆ ಆಗಿನ ಮಾಲ್ವೇಸಿ, ಸ್ಟರ್ಕ್ಯುಲಿಯೇಸಿ, ಟಿಲಿಯೇಸಿ ಎಲ್ಲ ಸೇರಿದ ಗುಂಪು. ಆನೆಗಳಿಗೆ ಈ ಬಳಗದ ನಾರು ತೊಗಟೆ ಸುಲಿದು ತಿನ್ನುವುದು ಬಲು ಇಷ್ಟ. ಮುದುಮಲೆ, ಬಂಡೀಪುರದ ಕಡೆ ಎಡಮುರಿ ಪೊದೆಗಳನ್ನೂ ಅವು ಬಿಡುವುದಿಲ್ಲ. ಸಸ್ಯಶಾಸ್ತ್ರಜ್ಞರು ನಾಲ್ಕು ಕುಟುಂಬ ಎಂದು ಹಂಚಿಕೊಂಡಿದ್ದ ಕಾಲದಲ್ಲೇ ಆನೆಗಳು ಇವೆಲ್ಲ ಒಂದೇ ಎಂದು ತೀರ್ಮಾನ ಮಾಡಿದ್ದವು!

ಈಗ ತವರಿನ ಪ್ರಶ್ನೆ. ಎಡಮುರಿ ಬೆಳೆಯುವ ಪ್ರದೇಶ ನಿಜಕ್ಕೂ ವಿಶಾಲ. ಉತ್ತರದಲ್ಲಿ ಹಿಮಾಲಯದ ತಪ್ಪಲಿನ ಶಿವಾಲಿಕ್ ಗುಡ್ಡಗಳು, ನೇಪಾಳ. ದಕ್ಷಿಣಕ್ಕೆ ಇಡೀ ಭಾರತ, ಶ್ರೀಲಂಕಾ. ಪೂರ್ವಕ್ಕೆ ಬಾಂಗ್ಲಾ, ಮ್ಯಾನ್ಮಾರ್, ಥಾಯ್ಲೆಂಡ್, ದಕ್ಷಿಣ ಚೀನಾ. ಅಲ್ಲಿಂದ ಮಲೇಷ್ಯಾ, ಜಾವಾ ದಾಟಿ ಉತ್ತರ ಆಸ್ಟ್ರೇಲಿಯಾ. ಈ ಎಲ್ಲಾ ಕಡೆಯೂ ಇದು ಕಾಡುಗಿಡ, ಯಾರೂ ತೋಟದಿಂದ ತಪ್ಪಿಸಿ ಬಿಟ್ಟದ್ದಲ್ಲ. ನಕ್ಷೆ ನೋಡಿದರೆ ತುಂಡು ತುಂಡಾಗಿ ಇಲ್ಲ, ಒಂದು ದೇಶದ ಪಕ್ಕ ಇನ್ನೊಂದು ಎಂದು ಸಾಲಾಗಿ ಹಬ್ಬಿದೆ. ಭಾರತ ಆ ಹರವಿನ ಪಶ್ಚಿಮದ ದೊಡ್ಡ ಭಾಗ, ಆಸ್ಟ್ರೇಲಿಯಾ ಅದರ ಆಗ್ನೇಯ ತುದಿ. ತುದಿಯನ್ನು ನೋಡಿ ತವರು ಅದೇ ಎಂದುಕೊಂಡರೆ ನಕ್ಷೆ ತಿರುಗುಮುರುಗಾಗುತ್ತದೆ.

ಇಂಥ ಹರವು ಎಡಮುರಿಯೊಂದರದೇ ಅಲ್ಲ. ಮಳೆಗಾಲ ಒಂದಷ್ಟು ತಿಂಗಳು, ಬೇಸಿಗೆ ಒಂದಷ್ಟು ತಿಂಗಳು ಎಂದು ಋತು ಸ್ಪಷ್ಟವಾಗಿ ಬೇರ್ಪಡುವ ಕಾಡುಗಳ ಗಿಡ ಇದು. ಉತ್ತರ ಆಸ್ಟ್ರೇಲಿಯಾದಲ್ಲೂ ಅಂಥದೇ ಹವೆ. ಕರ್ನಾಟಕದಲ್ಲಿ ದಾಂಡೇಲಿ, ಭದ್ರಾ, ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಎಲ್ಲೆಡೆ ಎಲೆ ಉದುರುವ ಕಾಡಿನಲ್ಲಿ ಇದೆ. ತೇಗದ ಪ್ಲಾಂಟೇಶನ್ನಿನ ಅಡಿಯಲ್ಲಿ ಧಾರಾಳ. ಕರಾವಳಿಯ ಮುರಕಲ್ಲಿನ ಗುಡ್ಡದಲ್ಲೂ, ಬಯಲುಸೀಮೆಯ ಕುರುಚಲು ಕಾಡಿನಲ್ಲೂ ಅಲ್ಲಲ್ಲಿ ಕಾಣುತ್ತದೆ. ಬಿಸಿಲು ಬೀಳದ ದಟ್ಟ ನಿತ್ಯಹರಿದ್ವರ್ಣ ಕಾಡಿನೊಳಗೆ ಮಾತ್ರ ಸಿಗುವುದಿಲ್ಲ. ಅಂಥ ಕಾಡಿನ ಅಂಚಿನಲ್ಲಿ, ರಸ್ತೆ ಬದಿಯಲ್ಲಿ, ಮರ ಬಿದ್ದು ಬಿಸಿಲು ಬಂದ ಜಾಗದಲ್ಲಿ ಇರುತ್ತದೆ.

ಹೆಲಿಕ್ಟೆರಿಸ್ ಕುಲದಲ್ಲಿ ಒಟ್ಟು ಸುಮಾರು 60 ಪ್ರಭೇದಗಳಿವೆ. ಅವುಗಳಲ್ಲಿ ಬಹಳಷ್ಟು ಅಮೆರಿಕ ಖಂಡದವು, ಬ್ರೆಜಿಲ್‌ನಲ್ಲಿ ಜಾಸ್ತಿ. ಉಳಿದವು ಏಷ್ಯಾದಿಂದ ಆಸ್ಟ್ರೇಲಿಯಾವರೆಗೆ. ನಡುವಿನ ಆಫ್ರಿಕಾದಲ್ಲಿ ಒಂದೂ ಇಲ್ಲ. ಅಮೆರಿಕದ ಕೆಲವು ಪ್ರಭೇದಗಳ ಹೂವಿಗೆ ಬರುವುದು ಹಕ್ಕಿಗಳಲ್ಲ, ಬಾವಲಿಗಳು. ನಮ್ಮ ಈಶಾನ್ಯ ರಾಜ್ಯಗಳಲ್ಲಿ ಹೆಲಿಕ್ಟೆರಿಸ್ ಎಲಾಂಗೇಟಾದಂಥ ಬೇರೆ ಪ್ರಭೇದಗಳೂ ಇವೆ. ಅವುಗಳ ಕಾಯಿ ನೆಟ್ಟಗೆ ಇರುತ್ತದೆ, ತಿರುಚಿರುವುದಿಲ್ಲ. ಶಿರಸಿಯ ಬೆಟ್ಟದಲ್ಲಿ ಮಾತ್ರ ಗೊಂದಲಕ್ಕೆ ಅವಕಾಶ ಇಲ್ಲ. ತಿರುಚಿದ ಕಾಯಿ ಕಂಡರೆ ಐಸೋರಾನೇ.

‘ನಮ್ಮದೇ ಎನ್ನುವುದಕ್ಕೆ ಏನು ಆಧಾರ? 1686ರ ಪುಸ್ತಕದಲ್ಲಿ ಚಿತ್ರ ಇದ್ದರೆ ಸಾಕಾ?’ ಎಂದು ಮಗಳು ಕೇಳಬಹುದು. ಸಾಲದು. ವಾನ್ ರೀಡ್‌ನ ಪುಸ್ತಕದಲ್ಲಿ ಗೇರು ಮರವೂ ಇದೆ. ಅದನ್ನು ಅಷ್ಟರಲ್ಲಾಗಲೇ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದು ನೆಟ್ಟಾಗಿತ್ತು. ಎಡಮುರಿಯ ವಿಷಯದಲ್ಲಿ ಬಲವಾದ ಸಾಕ್ಷಿ ಅದರ ಹರವು. ಶಿವಾಲಿಕ್‌ನಿಂದ ಆಸ್ಟ್ರೇಲಿಯಾವರೆಗೆ ಬಂದರು, ರಸ್ತೆ, ತೋಟಗಳ ಹಂಗಿಲ್ಲದೆ ಒಳಗಿನ ಕಾಡುಗಳಲ್ಲಿ ಹಬ್ಬಿದೆ. ಅದರ ಕುಲದ ಬೇರೆ ಸದಸ್ಯರು ಇದೇ ಏಷ್ಯಾದಲ್ಲಿದ್ದಾರೆ. ಲಂಟಾನದ ಕತೆ ಬೇರೆ. ಅದು ಅಮೆರಿಕದಿಂದ ಉದ್ಯಾನದ ಗಿಡವಾಗಿ ಬಂದದ್ದು, ಆಮೇಲೆ ಕಾಡಿಗೆ ನುಗ್ಗಿದ್ದು. ಕಮ್ಯುನಿಸ್ಟ್ ಗಿಡ ಎಂಬ ಕಳೆಯೂ ಅಮೆರಿಕದ್ದೇ.

ಹಾಗಿದ್ದರೂ ನಿಮ್ಮ ಬೆಟ್ಟದಲ್ಲಿ ಜಾಸ್ತಿ ಆಗುತ್ತಿರುವುದು ಯಾಕೆ? ಕಾರಣ ಗಿಡಕ್ಕಿಂತ ಬೆಟ್ಟದಲ್ಲೇ ಜಾಸ್ತಿ ಇದೆ. ಎಡಮುರಿಗೆ ಬಿಸಿಲು ಬೇಕು. ಸೊಪ್ಪಿಗಾಗಿ ಮರಗಳನ್ನು ಪ್ರತಿವರ್ಷ ಸವರಿದರೆ ನೆರಳು ಕಡಿಮೆಯಾಗುತ್ತದೆ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದರೆ ನೆಲ ಬೋಳಾಗುತ್ತದೆ. ಬೇಸಿಗೆಯಲ್ಲಿ ಎಲ್ಲೋ ಬೆಂಕಿ ಬಿದ್ದರೆ ಮತ್ತಿ, ಹೊನ್ನೆ, ನಂದಿಯ ಎಳೆ ಸಸಿಗಳು ಸಾಯುತ್ತವೆ. ಎಡಮುರಿಯ ಮೇಲ್ಭಾಗವೂ ಸುಡುತ್ತದೆ, ಆದರೆ ಬೇರು ಬದುಕಿರುತ್ತದೆ. ಮೊದಲ ಮಳೆಗೆ ಬುಡದಿಂದಲೂ ಬೇರಿನಿಂದಲೂ ಹೊಸ ಚಿಗುರು ಎದ್ದು, ಒಂದು ಕೋಲು ಇದ್ದಲ್ಲಿ ಹತ್ತು ಕೋಲಿನ ಹಿಂಡು ಆಗುತ್ತದೆ. ಕಡಿದರೂ ಇದೇ ಗತಿ. ಅಂದರೆ ನೀವು ಕತ್ತಿ ತೆಗೆದುಕೊಂಡು ಹೋಗಿ ಸವರಿದಷ್ಟೂ ಅದಕ್ಕೆ ಲಾಭ.

ಬೇರುಸಹಿತ ಕಿತ್ತರೆ? ಇಳಿಜಾರಿನ ಮಣ್ಣು ಮಳೆಗೆ ಸಡಿಲವಾಗುತ್ತದೆ. ಖಾಲಿಯಾದ ಬಿಸಿಲಿನ ಜಾಗಕ್ಕೆ ಮೊದಲು ಬಂದು ಕೂರುವುದು ಕಮ್ಯುನಿಸ್ಟ್ ಗಿಡ ಅಥವಾ ಲಂಟಾನ. ಅದರ ಬದಲು ಬೆಟ್ಟದ ಒಂದು ಭಾಗಕ್ಕೆ ನಾಲ್ಕೈದು ವರ್ಷ ಬೆಂಕಿ ಬೀಳದ ಹಾಗೆ ನೋಡಿಕೊಳ್ಳಿ, ಅಲ್ಲಿ ಸೊಪ್ಪು ಕಡಿಯುವುದನ್ನೂ ನಿಲ್ಲಿಸಿ. ಎಡಮುರಿ ಪೊದೆಯ ನಡುವೆ ಮತ್ತಿ, ಕಿಂದಳ, ನೇರಳೆಯ ಸಸಿ ಸಿಕ್ಕರೆ ಗುರುತು ಮಾಡಿ, ಸುತ್ತಲಿನ ನಾಲ್ಕು ಕೋಲು ಮಾತ್ರ ಸವರಿ. ಆ ಸಸಿಗಳು ತಲೆ ಎತ್ತಿ ನೆರಳು ಕವಿದಂತೆ ಎಡಮುರಿ ತಾನಾಗಿಯೇ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಅದು ಮಣ್ಣು ಹಿಡಿದುಕೊಂಡಿರುತ್ತದೆ. ಮಳೆಗಾಲದ ಕೊನೆಗೆ ಬೇರೆ ಹೂ ಕಡಿಮೆ ಇರುವ ಹೊತ್ತಿನಲ್ಲಿ ಸೂರಕ್ಕಿಗೂ ಜೇನಿಗೂ ಮಕರಂದ ಕೊಡುತ್ತದೆ. ನೀವು ಜೇನುಪೆಟ್ಟಿಗೆ ಇಟ್ಟಿದ್ದರೆ ಅದೂ ಒಂದು ಲೆಕ್ಕವೇ.

ಕಾಯಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಕೂಸುಗಳ ಹೊಟ್ಟೆನೋವಿಗೆ ಎಡಮುರಿ ಕಾಯಿ ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿ ಹಳೆಯದು. ಗಂಧಿಗೆ ಅಂಗಡಿಯಲ್ಲಿ ಒಣಗಿದ ಕಾಯಿ ಸಿಗುತ್ತದೆ. ಮಹಾರಾಷ್ಟ್ರದಲ್ಲೂ ಗುಟ್ಟಿ ಎಂಬ ಮಕ್ಕಳ ಮನೆಮದ್ದಿಗೆ ಇದನ್ನು ಹಾಕುತ್ತಾರೆ. ಜಾವಾದಲ್ಲಿ ಜಾಮು ಎಂಬ ನಾಟಿ ಔಷಧಕ್ಕೂ ಇದೇ ಕಾಯಿ ಬೇಕು. ಕರುಳಿನ ಹಾಗೆ ಸುತ್ತಿಕೊಂಡಿದೆ, ಅದಕ್ಕೇ ಕರುಳಿನ ನೋವಿಗೆ ಒಳ್ಳೆಯದು ಎಂದು ಕೆಲವರು ಹೇಳುತ್ತಾರೆ. ಆಕಾರ ನೋಡಿ ಔಷಧ ಕೊಡುವ ಆ ತರ್ಕಕ್ಕೆ ನನ್ನ ಒಪ್ಪಿಗೆ ಇಲ್ಲ. ಸಣ್ಣ ಕೂಸಿಗೆ ಕೊಡುವ ಮುಂಚೆ ವೈದ್ಯರನ್ನು ಕೇಳಿ. ಬೇಧಿ ಆಗುತ್ತಿದ್ದರಂತೂ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿ.

ಮಗಳು ಹರ್ಬೇರಿಯಂ ಶೀಟ್ (ಒಣಗಿಸಿದ ಗಿಡ ಅಂಟಿಸಿದ ಹಾಳೆ) ಮಾಡುವುದಿದ್ದರೆ ಕುಟುಂಬದ ಜಾಗದಲ್ಲಿ ಮಾಲ್ವೇಸಿ ಎಂದು ಬರೆಯಲಿ, ಕೆಳಗೆ ಉಪಕುಟುಂಬ ಹೆಲಿಕ್ಟೆರಾಯ್ಡಿ. ಪಕ್ಕದಲ್ಲಿ ‘ಹಿಂದೆ ಸ್ಟರ್ಕ್ಯುಲಿಯೇಸಿ’ ಎಂದೂ ಸೇರಿಸಲಿ. ಪರೀಕ್ಷಕರು ಯಾವ ಕಾಲದ ಪುಸ್ತಕ ಓದಿದವರೋ ಹೇಳಲಾಗದು. ಹೂವಿನ ಬಣ್ಣವನ್ನು ಗಿಡದ ಹತ್ತಿರ ನಿಂತೇ ಬರೆದುಕೊಳ್ಳಲಿ, ಒತ್ತಿ ಒಣಗಿಸಿದ ಮೇಲೆ ಅದು ಉಳಿಯುವುದಿಲ್ಲ. ಹೂವಿನ ಕೊಂಬೆಯ ಜೊತೆ ಒಂದು ಕಾಯಿಯೂ ಇರಲಿ. ಕಾಯಿ ದಪ್ಪ ಇರುವುದರಿಂದ ಹಾಳೆಯ ಮಧ್ಯೆ ಒತ್ತಬಾರದು, ಬೇರೆ ಲಕೋಟೆಯಲ್ಲಿ ಹಾಕಿ ಶೀಟಿನ ಮೂಲೆಗೆ ಅಂಟಿಸಿದರೆ ಸಾಕು.